ಗೀರಿನ ಪಾಠ: ಫೋನೋ ಸ್ಟೇಜ್ ಎಂಬ ಸಂಪಾದಕನ ಕುರಿತು

ಟರ್ನ್‌ಟೇಬಲ್‌ನಿಂದ ಬರುವ ವೈರನ್ನು ಆಂಪ್ಲಿಫೈಯರ್‌ನ ಹಿಂಬದಿಯಲ್ಲಿ ‘ಸಿಡಿ’ ಎಂದು ಬರೆದಿರುವ ಕಡೆ ನೇರವಾಗಿ ಸಿಕ್ಕಿಸಿ, ವಾಲ್ಯೂಮನ್ನು ಪೂರ್ತಿ ತಿರುಗಿಸಿ ಒಮ್ಮೆ ಕೇಳಿ ನೋಡಿ. ಹಾಡು ಕೇಳಿಸುತ್ತದೆ, ಆದರೆ ತಗಡಿನ ಡಬ್ಬಿಯೊಳಗೆ ಕೂತು ಯಾರೋ ಹಾಡಿದಂತೆ. ತಬಲಾದ ಎಡ ಇಲ್ಲವೇ ಇಲ್ಲ. ಸ, ಶ ಅಕ್ಷರಗಳು ಕಿವಿಗೆ ಚುಚ್ಚುತ್ತವೆ. ತಂಬೂರಿ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತದೆ. ರೆಕಾರ್ಡು ಕೆಟ್ಟಿಲ್ಲ, ಸೂಜಿಯೂ ಸರಿಯಾಗಿದೆ. ಗೀರಿನಲ್ಲಿ ಬರೆದಿರುವುದೇ ಹಾಗೆ.

ವಿನೈಲ್ ಪ್ರಿಯರಲ್ಲಿ ಒಂದು ನಂಬಿಕೆ ಇದೆ. ಡಿಜಿಟಲ್ ಎಂದರೆ ಸಂಕೇತ, ಅಂಕಿಗಳ ಲೆಕ್ಕಾಚಾರ; ರೆಕಾರ್ಡು ಎಂದರೆ ಧ್ವನಿ ತಾನೇ ಮೂಡಿಸಿದ ಗುರುತು, ಮರಳಿನ ಮೇಲಿನ ಹೆಜ್ಜೆಯಂತೆ. ಇದರಲ್ಲಿ ಅರ್ಧ ಮಾತ್ರ ನಿಜ. ಮಂದ್ರದ ಸ್ವರಗಳನ್ನು ಇದ್ದ ಹಾಗೆಯೇ ಕೊರೆದರೆ ಗೀರು ಅಡ್ಡಡ್ಡ ಹೊಯ್ದಾಡಿ ಪಕ್ಕದ ಗೀರಿಗೆ ನುಗ್ಗುತ್ತದೆ. ಒಂದು ಬದಿಯಲ್ಲಿ ಇಪ್ಪತ್ತು ನಿಮಿಷದ ಸಂಗೀತ ಹಿಡಿಸುವುದಿಲ್ಲ. ತಾರದ ಸೂಕ್ಷ್ಮಗಳನ್ನು ಇದ್ದ ಹಾಗೆಯೇ ಕೊರೆದರೆ ಅವು ತಟ್ಟೆಯ ಮೈಯ ಸರಸರ ಸದ್ದಿನಲ್ಲಿ ಮುಳುಗಿಹೋಗುತ್ತವೆ. ಆದ್ದರಿಂದ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಎತ್ತಿ ಬರೆಯುತ್ತಾರೆ. ಎಷ್ಟು ತಗ್ಗಿಸಬೇಕು, ಎಷ್ಟು ಎತ್ತಬೇಕು ಎಂಬುದಕ್ಕೆ 1954ರಲ್ಲಿ ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಸಂಘ ಒಂದು ವಕ್ರರೇಖೆಯನ್ನು ಗೊತ್ತುಮಾಡಿತು. ಆ ಸಂಘದ ಹೆಸರಿನಿಂದಲೇ ಅದನ್ನು ಆರ್‌ಐಎಎ ರೇಖೆ ಎನ್ನುತ್ತಾರೆ. 1,000 ಹರ್ಟ್ಸನ್ನು ನಡುಬಿಂದುವಾಗಿ ಇಟ್ಟುಕೊಂಡರೆ ಗೀರಿನಲ್ಲಿ 20 ಹರ್ಟ್ಸಿನ ಸ್ವರ ಸುಮಾರು 19 ಡೆಸಿಬೆಲ್ ಕೆಳಗೆ ಇರುತ್ತದೆ, 20,000 ಹರ್ಟ್ಸಿನದು ಸುಮಾರು 20 ಡೆಸಿಬೆಲ್ ಮೇಲೆ. ಎರಡು ತುದಿಗಳ ನಡುವಿನ ಅಂತರ ಹೆಚ್ಚುಕಡಿಮೆ 90 ಪಟ್ಟು.

ಈ ಏರುಪೇರನ್ನು ತಿರುವುಮುರುವು ಮಾಡಿ ಸರಿಪಡಿಸುವ ಪೆಟ್ಟಿಗೆಯೇ ಫೋನೋ ಸ್ಟೇಜ್. ಅದಕ್ಕೆ ಇನ್ನೊಂದು ಕೆಲಸವೂ ಇದೆ. ಸೂಜಿ ಹಿಡಿದಿರುವ ಕಾರ್ಟ್ರಿಜ್ ಹುಟ್ಟಿಸುವ ವಿದ್ಯುತ್ತು ತೀರಾ ಕಡಿಮೆ. ಮೂವಿಂಗ್ ಮ್ಯಾಗ್ನೆಟ್ ಜಾತಿಯದಾದರೆ 3ರಿಂದ 5 ಮಿಲಿವೋಲ್ಟ್. ಅದನ್ನು ನೂರು ಪಟ್ಟು ಹಿಗ್ಗಿಸಬೇಕು. ದುಬಾರಿಯ ಮೂವಿಂಗ್ ಕಾಯಿಲ್ ಜಾತಿಯದಾದರೆ ಅದರ ಹತ್ತನೇ ಒಂದು ಭಾಗ. ಅದನ್ನು ಸಾವಿರ ಪಟ್ಟು ಹಿಗ್ಗಿಸಬೇಕು. ಈ ಕೆಲಸವನ್ನು ವಾಲ್ವ್‌ಗಳಿಂದ ಮಾಡಿಸಬಹುದು, ಟ್ರಾನ್ಸಿಸ್ಟರ್‌ಗಳಿಂದ ಮಾಡಿಸಬಹುದು. ಎರಡನೆಯದಕ್ಕೆ ಸಾಲಿಡ್ ಸ್ಟೇಟ್ ಎಂದು ಹೆಸರು. ಒಳ್ಳೆಯದೊಂದು ಸಾಲಿಡ್ ಸ್ಟೇಟ್ ಫೋನೋ ಸ್ಟೇಜನ್ನು ಆರಿಸಲು ನಾನು ಕಳೆದ ಒಂದು ವರ್ಷ ಓದಿದ್ದು, ಕೇಳಿದ್ದು, ಅಳೆದದ್ದು ಈ ಬರಹದ ಹಿನ್ನೆಲೆ. ಸಾಹಿತ್ಯದ ಪತ್ರಿಕೆಯಲ್ಲಿ ಇದೆಲ್ಲ ಯಾಕೆ ಎಂದು ಕೇಳುವವರಿಗೆ ಉತ್ತರ ಮುಂದಿದೆ.

ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ತರಗತಿಯಲ್ಲಿ ಓದಿದವರಿಗೆ ಈ ಪೆಟ್ಟಿಗೆಯ ಕೆಲಸ ಪರಿಚಿತ ಅನ್ನಿಸಬೇಕು. ಓಲೆಗರಿಯಲ್ಲಿ ಇರುವುದನ್ನು ನಾವು ಓದುವುದಿಲ್ಲ. ಸಂಪಾದಕರು ಓದಿ, ಪದ ಬಿಡಿಸಿ, ಲಿಪಿಕಾರರ ತಪ್ಪುಗಳನ್ನು ತೂಗಿ ನೋಡಿ, ಪಾಠ ನಿರ್ಣಯಿಸಿ ಕೊಟ್ಟದ್ದನ್ನು ಓದುತ್ತೇವೆ. ಪಂಪ ನಮಗೆ ಸಿಗುವುದು ಅವರ ಕೈ ದಾಟಿದ ಮೇಲೆ. ಸಂಪಾದಕರು ಒಳ್ಳೆಯವರಾದರೆ ಅವರಿದ್ದಾರೆ ಎಂಬುದೇ ನಮಗೆ ನೆನಪಾಗುವುದಿಲ್ಲ. ಫೋನೋ ಸ್ಟೇಜ್ ಕೂಡ ನಮಗಿಂತ ಮೊದಲು ಗೀರನ್ನು ಓದಿ ಪಾಠ ನಿರ್ಣಯಿಸುವ ಸಂಪಾದಕ.

ಆದರೆ ಈ ಹೋಲಿಕೆ ಒಂದು ಕಡೆ ನಿಂತುಹೋಗುತ್ತದೆ, ಅಲ್ಲೇ ವಿಷಯ ಸ್ವಾರಸ್ಯವಾಗುವುದು. ಲಿಪಿಕಾರ ಎಲ್ಲಿ ತಪ್ಪಿದ ಎಂದು ಹೇಳುವ ಸೂತ್ರ ಯಾರ ಬಳಿಯೂ ಇಲ್ಲ. 1954ರ ನಂತರದ ಗೀರಿಗೆ ಮಾತ್ರ ಅಂಥ ಸೂತ್ರವಿದೆ: 3180, 318 ಮತ್ತು 75 ಮೈಕ್ರೋಸೆಕೆಂಡ್ ಎಂಬ ಮೂರು ಕಾಲಾಂಕಗಳು. ಇವುಗಳಿಂದ ರೇಖೆಯ ಪ್ರತಿ ಬಿಂದುವನ್ನೂ ಲೆಕ್ಕ ಹಾಕಬಹುದು, ಅದರ ವಿಲೋಮವನ್ನೂ ಲೆಕ್ಕ ಹಾಕಬಹುದು. ಇಲ್ಲಿ ಸರಿಯಾದ ಪಾಠ ಎಂಬುದೊಂದು ನಿಜವಾಗಿಯೂ ಇದೆ, ಮೀಟರ್ ಹಿಡಿದು ಪರೀಕ್ಷಿಸಬಹುದು. ಹಾಗಾಗಿ ಫೋನೋ ಸ್ಟೇಜಿನ ವಿಮರ್ಶೆ ಮೊದಲು ಮಾಡಬೇಕಾದ ಕೆಲಸ ಒಂದು ಗಡಿ ಎಳೆಯುವುದು. ಎಲ್ಲಿಯವರೆಗೆ ಇದು ಪಾಠಶುದ್ಧಿಯ ಪ್ರಶ್ನೆ, ಎಲ್ಲಿಂದ ಮುಂದೆ ರುಚಿಯ ಪ್ರಶ್ನೆ? ನಾನು ಓದಿದ ಹೆಚ್ಚಿನ ಹೈ-ಫೈ ವಿಮರ್ಶೆಗಳು ಈ ಗಡಿಯನ್ನು ಎಳೆಯುವುದಿಲ್ಲ. ರುಚಿಯನ್ನು ಶುದ್ಧಿಯೆಂದು ಕರೆದು, ಶುದ್ಧಿಯನ್ನು ಬೆಲೆಯಿಂದ ಅಳೆಯುತ್ತವೆ.

ಗಡಿ ಎಳೆಯುವ ಮೊದಲು ಚರಿತ್ರೆಯನ್ನು ಸ್ವಲ್ಪ ನೋಡಬೇಕು. ನನ್ನಲ್ಲಿರುವ ಮುನ್ನೂರು ಚಿಲ್ಲರೆ ರೆಕಾರ್ಡುಗಳು ಒಂದೇ ಕಾಲದವಲ್ಲ. ಬಹುಪಾಲು ಕಲ್ಕತ್ತೆಯ ದಮ್‌ದಮ್ ಕಾರ್ಖಾನೆಯಲ್ಲಿ ಒತ್ತಿದ ಎಚ್‌ಎಂವಿ ಎಲ್ಪಿಗಳು: ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಒಂದಿಷ್ಟು ಕರ್ನಾಟಕ ಸಂಗೀತ. ಜೊತೆಗೆ ಸುಮಾರು ನಲವತ್ತು 78 ಸುತ್ತಿನ ತಟ್ಟೆಗಳು. ಗ್ರಂಥಸಂಪಾದನೆಯ ಕಣ್ಣಿನಿಂದ ನೋಡಿದರೆ ಇವು ಮೂರು ಬೇರೆ ಬೇರೆ ಬಗೆಯ ಹಸ್ತಪ್ರತಿಗಳು.

ಮೊದಲನೆಯದು 1925ಕ್ಕಿಂತ ಹಿಂದಿನದು. ಆಗ ಮೈಕ್ರೋಫೋನ್ ಬಳಕೆಗೆ ಬಂದಿರಲಿಲ್ಲ. ಗಾಯಕಿ ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕು. ಅವರ ಉಸಿರಿನ ಬಲದಿಂದಲೇ ಸೂಜಿ ಮೇಣವನ್ನು ಕೊರೆಯಬೇಕು. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಿಸಿಕೊಂಡ, ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಗೌಹರ್ ಜಾನ್ ಅವರ ಪ್ರಸಿದ್ಧ ತಟ್ಟೆಗಳು ಈ ಕಾಲದವು. ಇಲ್ಲಿ ಯಾವ ರೇಖೆಯೂ ಇಲ್ಲ. ಕಹಳೆಯ ಲೋಹ ಎಲ್ಲಿ ಅನುರಣಿಸಿತೋ ಅಲ್ಲಿ ಸ್ವರ ಉಬ್ಬಿದೆ, ಉಳಿದಲ್ಲಿ ಬತ್ತಿದೆ. ಸರಿಯಾದ ಪಾಠ ಗೊತ್ತಿಲ್ಲದ, ಊಹೆಯಿಂದಲೇ ಕೆಲಸ ಮಾಡಬೇಕಾದ ಹಸ್ತಪ್ರತಿ ಇದು.

ಎರಡನೆಯದು 1925ರಿಂದ ಐವತ್ತರ ದಶಕದ ನಡುವಿನವರೆಗಿನದು. ವಿದ್ಯುತ್ ಧ್ವನಿಮುದ್ರಣ ಬಂದ ಮೇಲೆ ರೇಖೆ ಬಂತು, ಆದರೆ ಕಂಪನಿಗೊಂದು ರೇಖೆ. ಮಂದ್ರವನ್ನು ತಗ್ಗಿಸಲು ಶುರುಮಾಡುವ ಜಾಗ ಒಬ್ಬರಿಗೆ 250 ಹರ್ಟ್ಸ್, ಇನ್ನೊಬ್ಬರಿಗೆ 300, ಮತ್ತೊಬ್ಬರಿಗೆ 500. ತಾರವನ್ನು ಕೆಲವರು ಎತ್ತುತ್ತಿದ್ದರು, ಹಲವರು ಎತ್ತುತ್ತಲೇ ಇರಲಿಲ್ಲ. 1948ರಲ್ಲಿ ಎಲ್ಪಿ ತಂದ ಕೊಲಂಬಿಯಾ ಕಂಪನಿಗೆ ತನ್ನದೇ ರೇಖೆ, ಇಂಗ್ಲೆಂಡಿನ ಡೆಕ್ಕಾಗೆ ತನ್ನದೇ. ಪಾಠಾಂತರಗಳು ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಮೂರನೆಯದು ಅನಂತರದ್ದು. ಐವತ್ತರ ದಶಕ ಮುಗಿಯುವ ಹೊತ್ತಿಗೆ ಆರ್‌ಐಎಎ ರೇಖೆ ಹೆಚ್ಚುಕಡಿಮೆ ಎಲ್ಲೆಡೆ ನೆಲೆಗೊಂಡಿತ್ತು. ನಮ್ಮಲ್ಲಿ ಎಲ್ಪಿಗಳು ಮನೆಮನೆಗೆ ಬಂದದ್ದು ಆಮೇಲೆ. ಆದ್ದರಿಂದ ನನ್ನ ಮನ್ಸೂರ, ಜೋಶಿ ಎಲ್ಪಿಗಳಿಗೆ ಒಂದೇ ರೇಖೆ ಸಾಕು. ಇವತ್ತು ಅತಿ ದುಬಾರಿಯ ಕೆಲವು ಫೋನೋ ಸ್ಟೇಜ್‌ಗಳು ಸ್ಟೀರಿಯೋ ಕಾಲದ ಎಲ್ಪಿಗಳಿಗೂ ಬೇರೆ ಬೇರೆ ಕಂಪನಿಗಳ ರೇಖೆ ಬಳಸಿ ನೋಡಿ ಎಂದು ಗುಂಡಿಗಳನ್ನು ಕೊಡುತ್ತವೆ. ಗುಂಡಿ ತಿರುಗಿಸಿದಾಗ ಧ್ವನಿ ಬದಲಾಗುವುದು ನಿಜ, ಕೆಲವೊಮ್ಮೆ ಇಷ್ಟವಾಗುವುದೂ ನಿಜ. ಇಷ್ಟವಾಯಿತು ಎಂಬುದರಿಂದ ಅದು ಮೂಲಪಾಠ ಎಂದು ಸಾಬೀತಾಗುವುದಿಲ್ಲ. ಹಳಗನ್ನಡ ಕಾವ್ಯದಲ್ಲಿ ತನಗೆ ಹಿಡಿಸದ ಪದ್ಯವನ್ನೆಲ್ಲ ಪ್ರಕ್ಷಿಪ್ತ ಎನ್ನುವ ಓದುಗನಿಗೂ ಈ ಗುಂಡಿ ತಿರುಗಿಸುವವನಿಗೂ ವ್ಯತ್ಯಾಸ ಕಡಿಮೆ.

ಎರಡನೆಯ ಬಗೆಯ ತಟ್ಟೆಗಳ ವಿಷಯದಲ್ಲಿ ಅದೇ ಗುಂಡಿಗೆ ನಿಜವಾದ ಬೆಲೆ ಇದೆ. ಮೂವತ್ತರ ದಶಕದ ಒಂದು 78 ತಟ್ಟೆಯನ್ನು ಸಾಮಾನ್ಯ ಫೋನೋ ಸ್ಟೇಜಿನಲ್ಲಿ ಕೇಳಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕೋಣ. ಎತ್ತದೇ ಇದ್ದ ತಾರವನ್ನು ಪೆಟ್ಟಿಗೆ ತಗ್ಗಿಸುತ್ತದೆ: 5,000 ಹರ್ಟ್ಸ್ ಹತ್ತಿರ ಸುಮಾರು 8 ಡೆಸಿಬೆಲ್, ಅಂದರೆ ಅರ್ಧಕ್ಕಿಂತ ಕಡಿಮೆ. ವ್ಯಂಜನಗಳ ಅಂಚು, ತಾನಿನ ಮೊನಚು, ಸಾರಂಗಿಯ ಕಮಾನಿನ ಉಜ್ಜು ಇರುವುದು ಆ ಸುತ್ತಮುತ್ತಲೇ. ಇನ್ನೊಂದು ಕಡೆ, ಅಷ್ಟೇನೂ ತಗ್ಗಿಸದಿದ್ದ ಮಂದ್ರವನ್ನು ಬೇಕಾದದ್ದಕ್ಕಿಂತ ಹೆಚ್ಚು ಎತ್ತುತ್ತದೆ. ಫಲಿತಾಂಶ ಕಂಬಳಿ ಹೊದ್ದು ಹಾಡಿದ ಹಾಗೆ. ಕೇಳಿದವರು ‘ಹಳೇ ಕಾಲದ ದನಿ ಮಂಕು’, ‘ಉಚ್ಚಾರ ಸ್ಪಷ್ಟವಿಲ್ಲ’ ಎಂದು ತೀರ್ಮಾನಿಸುತ್ತಾರೆ. ಹಳೆಯ ಗಾಯಕರ ಬಗ್ಗೆ ನಾವು ಹೇಳಿಕೊಂಡು ಬಂದ ಎಷ್ಟು ಮಾತುಗಳು ಗಾಯಕರ ಬಗ್ಗೆ, ಎಷ್ಟು ಮಾತುಗಳು ತಪ್ಪು ರೇಖೆಯ ಬಗ್ಗೆ? ಸಂಗೀತ ವಿಮರ್ಶೆ ಬರೆಯುವವರು ಒಮ್ಮೆಯಾದರೂ ಈ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳಬೇಕು. ನನಗೆ ಫೋನೋ ಸ್ಟೇಜಿನ ಆಯ್ಕೆ ಬರೀ ದುಡ್ಡಿನ, ಶೋಕಿಯ ಸಂಗತಿಯಾಗಿ ಉಳಿಯದಿರಲು ಇದೇ ಕಾರಣ.

78ರ ಹಾಡುಗಳನ್ನು ಎಲ್ಪಿಗೆ ಇಳಿಸಿದ ತಟ್ಟೆಗಳಲ್ಲಿ ಇನ್ನೊಂದು ಪದರ ಸೇರಿಕೊಳ್ಳುತ್ತದೆ. ಅಬ್ದುಲ್ ಕರೀಂ ಖಾನರ ಅಂಥದೊಂದು ಎಲ್ಪಿ ನನ್ನಲ್ಲಿದೆ. ಅದನ್ನು ಕೇಳಲು ಆರ್‌ಐಎಎ ರೇಖೆಯೇ ಸರಿ, ಯಾಕೆಂದರೆ ಎಲ್ಪಿಯ ಗೀರು ಆ ರೇಖೆಯದು. ಆದರೆ ಮೂಲ 78ನ್ನು ಯಾವ ರೇಖೆಯಲ್ಲಿ ಓದಬೇಕೆಂದು ಎಲ್ಪಿ ತಯಾರಿಸಿದ ಎಂಜಿನಿಯರ್ ಆಗಲೇ ತೀರ್ಮಾನಿಸಿಬಿಟ್ಟಿದ್ದಾರೆ. ಸರಸರ ಸದ್ದು ಕೇಳದಿರಲಿ ಎಂದು ತಾರವನ್ನು ಕತ್ತರಿಸಿದ್ದರೆ ಅದನ್ನು ಎಷ್ಟು ಲಕ್ಷದ ಪೆಟ್ಟಿಗೆಯೂ ಮರಳಿ ತರಲಾರದು. ಸಂಪಾದಿತ ಪ್ರತಿಯಲ್ಲಿ ಬಿಟ್ಟುಹೋದ ಪದ್ಯವನ್ನು ಒಳ್ಳೆಯ ಕನ್ನಡಕ ಹಾಕಿಕೊಂಡು ಓದಲು ಹೋದಂತೆ.

ಈಗ ಗಡಿಯ ಈಚೆ, ಅಂದರೆ ಪಾಠಶುದ್ಧಿಯ ಕಡೆ, ಏನೇನಿದೆ ಎಂದು ನೋಡೋಣ. ರೇಖೆಯ ನಿಖರತೆ ಮೊದಲನೆಯದು. ಆಶ್ಚರ್ಯವೆಂದರೆ ಇದು ದುಬಾರಿಯಲ್ಲ. ರೇಖೆಯ ಸರ್ಕೀಟನ್ನು ಲೆಕ್ಕ ಹಾಕುವ ಸೂತ್ರಗಳನ್ನು ಸ್ಟಾನ್ಲಿ ಲಿಪ್‌ಶಿಟ್ಜ್ 1979ರಲ್ಲೇ ವಿವರವಾಗಿ ಪ್ರಕಟಿಸಿದ್ದಾರೆ. ಶೇಕಡಾ ಒಂದರ ಒಳಗಿನ ನಿಖರತೆಯ ರೆಸಿಸ್ಟರ್, ಕೆಪ್ಯಾಸಿಟರ್‌ಗಳಿಗೆ ಹೆಚ್ಚು ಹಣ ಬೇಕಿಲ್ಲ. ಡೆಸಿಬೆಲ್‌ನ ಹತ್ತನೇ ಒಂದೆರಡು ಭಾಗದೊಳಗೆ ಸರಿಯಾಗಿರುವ ಸಾಧಾರಣ ಬೆಲೆಯ ಪೆಟ್ಟಿಗೆಗಳಿವೆ. ಒಂದೇ ರೇಖೆಗೂ ಒಂದು ಪಾಠಾಂತರ ಇದೆ ಎನ್ನುವುದನ್ನು ಗಮನಿಸಬೇಕು: 1976ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಂತ್ರಜ್ಞಾನ ಆಯೋಗ 20 ಹರ್ಟ್ಸಿನ ಆಸುಪಾಸಿನಿಂದ ಕೆಳಗೆ ಧ್ವನಿಯನ್ನು ತಗ್ಗಿಸುವ ತಿದ್ದುಪಡಿ ತಂದಿತು. ಕೆಲವು ತಯಾರಕರು ಅದನ್ನು ಅನುಸರಿಸುತ್ತಾರೆ, ಹಲವರು ಕೈಬಿಡುತ್ತಾರೆ. ಬಿಸಿಲಿಗೆ ಸೊಟ್ಟಗಾದ ರೆಕಾರ್ಡುಗಳೇ ಹೆಚ್ಚಿರುವ ನನ್ನಂಥವರಿಗೆ ಬೇಕೆಂದಾಗ ಹಾಕಿ ತೆಗೆಯಬಹುದಾದ ಅಂಥ ಒಂದು ಫಿಲ್ಟರ್ ಇರುವುದು ಲೇಸು. ಇಲ್ಲವಾದರೆ ತಟ್ಟೆ ಏರಿಳಿದಾಗಲೆಲ್ಲ ಸ್ಪೀಕರಿನ ಕಾಗದ ಸುಮ್ಮನೆ ಹಿಂದೆ ಮುಂದೆ ಹೊಯ್ದಾಡುತ್ತದೆ.

ಎರಡನೆಯದು ಸದ್ದಿಲ್ಲದಿರುವುದು. ಇಲ್ಲಿ ಹಣಕ್ಕೆ ಸ್ವಲ್ಪ ಅರ್ಥವಿದೆ. ಸಾವಿರ ಪಟ್ಟು ಹಿಗ್ಗಿಸುವಾಗ ಮೊದಲ ಟ್ರಾನ್ಸಿಸ್ಟರಿನ ಸ್ವಂತ ಪಿಸುಮಾತೂ ಸಾವಿರ ಪಟ್ಟು ಹಿಗ್ಗುತ್ತದೆ. ನಾಲ್ಕು ಟ್ರಾನ್ಸಿಸ್ಟರ್‌ಗಳನ್ನು ಜೊತೆಯಾಗಿ ಜೋಡಿಸಿದರೆ ಆ ಪಿಸುಮಾತು ಅರ್ಧಕ್ಕೆ ಇಳಿಯುತ್ತದೆ. ಮೂವಿಂಗ್ ಕಾಯಿಲ್ ಕಾರ್ಟ್ರಿಜ್ ಬಳಸುವವರಿಗೆ ವಾಲ್ವ್‌ಗಿಂತ ಸಾಲಿಡ್ ಸ್ಟೇಟ್ ಅನುಕೂಲವಾಗುವುದು ಇಲ್ಲೇ. ವಾಲ್ವ್ ಆದರೆ ಸಾಮಾನ್ಯವಾಗಿ ಮುಂದೊಂದು ಟ್ರಾನ್ಸ್‌ಫಾರ್ಮರ್ ಇಟ್ಟು ಸಂಜ್ಞೆಯನ್ನು ಮೊದಲೇ ಎತ್ತಿಕೊಡಬೇಕು.

ಸಾಲಿಡ್ ಸ್ಟೇಟ್ ಆದ ಮಾತ್ರಕ್ಕೆ ಕರೆಂಟಿನ ಗುಂಯ್ ಸದ್ದು ಹೋಗುವುದಿಲ್ಲ. ಈ ವಿಷಯದಲ್ಲಿ ನಮ್ಮ ಸಂಗೀತ ಪಾಶ್ಚಾತ್ಯ ವಿಮರ್ಶಕರು ಎದುರಿಸದ ಪರೀಕ್ಷೆಯೊಂದನ್ನು ಒಡ್ಡುತ್ತದೆ. ಭಾರತದಲ್ಲಿ ಮನೆಯ ಕರೆಂಟು 50 ಹರ್ಟ್ಸ್, ಪವರ್ ಸಪ್ಲೈಯಿಂದ ಸೋರುವ ಗುಂಯ್ ಹೆಚ್ಚಾಗಿ ಅದರ ಎರಡು ಪಟ್ಟು, 100 ಹರ್ಟ್ಸ್. ಆರ್‌ಐಎಎ ಸರ್ಕೀಟು ಆ ಜಾಗವನ್ನು 13 ಡೆಸಿಬೆಲ್ ಎತ್ತುತ್ತದೆ. ಈಗ ಗಾಯಕರು ಹಾರ್ಮೋನಿಯಮ್ಮಿನ ಬಿಳಿ ಒಂದಕ್ಕೆ ಶ್ರುತಿ ಇಟ್ಟುಕೊಂಡಿದ್ದಾರೆ ಎನ್ನೋಣ. ಅವರ ಷಡ್ಜ ಸುಮಾರು 131 ಹರ್ಟ್ಸ್. ತಂಬೂರಿಯ ಮೊದಲ ತಂತಿಯ ಮಂದ್ರ ಪಂಚಮ ಸುಮಾರು 98. ನೂರರ ಗುಂಯ್ ಇದರ ಪಕ್ಕದಲ್ಲೇ ಕೂತು ಸೆಕೆಂಡಿಗೆ ಎರಡು ಸಲ ಅದರೊಂದಿಗೆ ತಿಕ್ಕಾಡುತ್ತದೆ. ಪಿಯಾನೋ ಅಥವಾ ಜಾಝ್ ಕೇಳುವವರಿಗೆ ಗುಂಯ್ ಹಾಡಿನ ನಡುವಿನ ಮೌನದಲ್ಲಿ ಮಾತ್ರ ಗೊತ್ತಾಗುತ್ತದೆ. ನಮಗೆ ಮೌನವೇ ಇಲ್ಲ, ತಂಬೂರಿ ಇದೆ. ಗುಂಯ್ ಶ್ರುತಿಯೊಳಗೇ ಬಂದು ಸೇರಿ ತಂಬೂರಿ ತುಸು ಕೆಟ್ಟಿದೆ ಎನ್ನಿಸುವ ಹಾಗೆ ಮಾಡುತ್ತದೆ. ಆದ್ದರಿಂದ ಪವರ್ ಸಪ್ಲೈಯನ್ನು ಬೇರೆ ಪೆಟ್ಟಿಗೆಯಲ್ಲಿ ದೂರ ಇಟ್ಟ ವಿನ್ಯಾಸಗಳಿಗೆ, ಉದಾಹರಣೆಗೆ ಪಾಸ್ ಲ್ಯಾಬ್ಸ್‌ನ ಎಕ್ಸ್‌ಪಿ-25ಕ್ಕೆ, ಅಥವಾ ಕರೆಂಟಿನ ಹಂಗೇ ಬೇಡವೆಂದು ಬ್ಯಾಟರಿಯಿಂದ ನಡೆಸುವ ಸದರ್‌ಲ್ಯಾಂಡ್‌ನ ಪಿಎಚ್‌ಡಿ ಮಾದರಿಗೆ ನಮ್ಮಲ್ಲಿ ಹೆಚ್ಚಿನ ಅರ್ಥವಿದೆ.

ಮೂರನೆಯದು, ಧೂಳು ಮತ್ತು ಗೀಚುಗಳನ್ನು ತಾಳಿಕೊಳ್ಳುವ ಶಕ್ತಿ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲೋ ಮುಂಬೈಯ ಚೋರ್ ಬಜಾರಿನಲ್ಲೋ ಕೊಂಡ ರೆಕಾರ್ಡು ಎಷ್ಟು ತೊಳೆದರೂ ಚಟಪಟ ಎನ್ನುತ್ತದೆ. ಸೂಜಿ ಗೀಚನ್ನು ದಾಟುವಾಗ ಹುಟ್ಟುವ ವಿದ್ಯುತ್ತು ಸಂಗೀತದ್ದಕ್ಕಿಂತ ಹಲವು ಪಟ್ಟು ಹೆಚ್ಚು. ಅದನ್ನು ತಡೆಯಲಾರದ ಸರ್ಕೀಟು ಒಂದು ಕ್ಷಣ ಉಸಿರುಗಟ್ಟಿ ಮತ್ತೆ ಚೇತರಿಸಿಕೊಳ್ಳುತ್ತದೆ. ಚಿಕ್ಕ ‘ಚಟ್’ ಉದ್ದದ ‘ಚಟ್ಟ್’ ಆಗುತ್ತದೆ. ಇದಕ್ಕೆ ಓವರ್‌ಲೋಡ್ ಮಾರ್ಜಿನ್ ಎನ್ನುತ್ತಾರೆ. ಇದು 20 ಡೆಸಿಬೆಲ್‌ಗಿಂತ ಚೆನ್ನಾಗಿಯೇ ಹೆಚ್ಚಿರಬೇಕು. ಹೊಸ ರೆಕಾರ್ಡುಗಳನ್ನೇ ಹಾಕಿ ಬರೆದ ವಿಮರ್ಶೆಗಳಲ್ಲಿ ಈ ಅಂಕಿ ಕಾಣುವುದು ಅಪರೂಪ. ಹಳೆಯ ತಟ್ಟೆ ಕೇಳುವವರು ಮೊದಲು ಹುಡುಕಬೇಕಾದ ಅಂಕಿ ಇದು.

ನಾಲ್ಕನೆಯದು, ಕಾರ್ಟ್ರಿಜ್‌ಗೂ ಪೆಟ್ಟಿಗೆಗೂ ಹೊಂದಾಣಿಕೆ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನ ಸುರುಳಿಯೂ ವೈರಿನ ಕೆಪ್ಯಾಸಿಟೆನ್ಸೂ ಸೇರಿ 14,000 ಹರ್ಟ್ಸಿನ ಆಸುಪಾಸಿನಲ್ಲಿ ಒಂದು ಉಬ್ಬನ್ನು ಹುಟ್ಟಿಸಬಲ್ಲವು. ವೈರು ಬದಲಿಸಿದರೆ ಉಬ್ಬು ಜಾಗ ಬದಲಿಸುತ್ತದೆ. ಎರಡು ಒಳ್ಳೆಯ ಪೆಟ್ಟಿಗೆಗಳ ನಡುವೆ ಕೇಳಿಸಿತೆಂದು ವರ್ಣಿಸುವ ವ್ಯತ್ಯಾಸ ಎಷ್ಟೋ ಸಲ ಇಂಥ ಹೊಂದಾಣಿಕೆಯದು, ಪೆಟ್ಟಿಗೆಯ ಗುಣದ್ದಲ್ಲ. ಮೂವಿಂಗ್ ಕಾಯಿಲ್‌ಗೆ ಸುರುಳಿಯ ರೋಧದ ಹತ್ತು ಪಟ್ಟಿನ ಹೊರೆ ಕೊಡುವುದು ರೂಢಿ. ಈ ಎರಡನ್ನೂ ಹಿಂಬದಿಯ ಸ್ವಿಚ್ಚಿನಿಂದ ಬದಲಿಸುವ ಸೌಲಭ್ಯವಿದ್ದರೆ ಸಾಕು. ಇದರ ಜೊತೆಗೆ ಒಂದು ಮೋನೋ ಸ್ವಿಚ್. ಮೋನೋ ತಟ್ಟೆಯಲ್ಲಿ ಸಂಗೀತ ಗೀರಿನ ಅಡ್ಡ ಚಲನೆಯಲ್ಲಿ ಮಾತ್ರ ಇರುತ್ತದೆ. ಎರಡೂ ಚಾನೆಲ್‌ಗಳನ್ನು ಕೂಡಿಸಿದರೆ ಮೇಲೆ ಕೆಳಗಿನ ಚಲನೆಯ ಸದ್ದು ಅಳಿಸಿಹೋಗುತ್ತದೆ. ಕೆಲವೇ ರೂಪಾಯಿಯ ಸ್ವಿಚ್ಚು ಮಾಡುವ ಈ ಉಪಕಾರ ದೊಡ್ಡದು.

ಇಲ್ಲಿಗೆ ಗಡಿ ಬಂತು. ಇದರಾಚೆ ಇರುವುದು ರುಚಿ. ವಾಲ್ವ್ ಪೆಟ್ಟಿಗೆಗಳ ‘ಬೆಚ್ಚಗಿನ’ ದನಿಯನ್ನು ಮೆಚ್ಚುವವರನ್ನು ನಾನು ಅಣಕಿಸುವುದಿಲ್ಲ. ಆ ಬೆಚ್ಚಗೆ ಬಹುಮಟ್ಟಿಗೆ ಮೂಲದಲ್ಲಿಲ್ಲದ ಎರಡನೆಯ ಹಾರ್ಮೋನಿಕ್ ಸೇರುವುದರಿಂದ, ತಾರ ಒಂದಿಷ್ಟು ಮೆದುವಾಗುವುದರಿಂದ ಬರುತ್ತದೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿ ನೂಲೊಂದನ್ನು ಸರಿಸಿ ಸರಿಸಿ ‘ಜೀವ’ ಹಿಡಿಯುವುದನ್ನು ನೋಡಿದ್ದೀರಲ್ಲ. ಕೂದಲೆಳೆಯಷ್ಟು ಆಚೀಚೆ ಆದರೂ ಸ್ವರದೊಳಗಿನ ಸ್ವರಗಳು ಬದಲಾಗುತ್ತವೆ. ಆ ನೂಲನ್ನು ಎಲ್ಲಿ ಇಡಬೇಕು ಎಂದು ಕಲಾವಿದರು ಕಚೇರಿಯ ಮುಂಚೆ ಹತ್ತು ನಿಮಿಷ ಕೂತು ತೀರ್ಮಾನಿಸಿರುತ್ತಾರೆ. ಐವತ್ತು ವರ್ಷದ ಮೇಲೆ ನನ್ನ ಮನೆಯ ಪೆಟ್ಟಿಗೆ ಅದರ ಮೇಲೆ ಇನ್ನೊಂದು ನೂಲು ಇಡುವುದು ನನಗೆ ಬೇಡ. ಸಾಲಿಡ್ ಸ್ಟೇಟ್ ಆರಿಸಿದ್ದಕ್ಕೆ ನನ್ನ ಕಾರಣ ಇದು. ಅರವತ್ತರ ದಶಕದ ಹಲವು ಟ್ರಾನ್ಸಿಸ್ಟರ್ ಪೆಟ್ಟಿಗೆಗಳು ಕರ್ಕಶವಾಗಿದ್ದವು, ಬೇಗ ಉಸಿರುಗಟ್ಟುತ್ತಿದ್ದವು ಎಂಬ ದೂರಿಗೆ ಆಧಾರವಿತ್ತು. ಎಪ್ಪತ್ತರ ದಶಕದಲ್ಲಿ ಮಾರ್ಕ್ ಲೆವಿನ್‌ಸನ್ ಕಂಪನಿಗೆ ಜೆಸಿ-1 ವಿನ್ಯಾಸ ಮಾಡಿದ, ಮುಂದೆ ಪ್ಯಾರಾಸೌಂಡ್‌ಗೆ ಜೆಸಿ 3 ಫೋನೋ ಸ್ಟೇಜ್ ಮಾಡಿಕೊಟ್ಟ ಜಾನ್ ಕರ್ಲ್ ಅಂಥವರ ಕೆಲಸದ ನಂತರವೂ ಅದೇ ದೂರನ್ನು ಹೇಳುತ್ತಿದ್ದರೆ ಅದು ಬರೀ ಅಭ್ಯಾಸಬಲ.

ವಿಮರ್ಶೆಯ ಭಾಷೆಗೆ ಬರುತ್ತೇನೆ. ಜೆ. ಗಾರ್ಡನ್ ಹೋಲ್ಟ್ 1962ರಲ್ಲಿ ‘ಸ್ಟೀರಿಯೋಫೈಲ್’ ಪತ್ರಿಕೆ ಶುರುಮಾಡಿ ಯಂತ್ರವನ್ನು ಮೀಟರಿನಿಂದಷ್ಟೇ ಅಲ್ಲ, ಕಿವಿಯಿಂದಲೂ ಅಳೆಯಬೇಕು ಎಂದಾಗ ಅದೊಂದು ಅಗತ್ಯದ ಬಂಡಾಯವಾಗಿತ್ತು. 1973ರಲ್ಲಿ ಹ್ಯಾರಿ ಪಿಯರ್ಸನ್ ಆರಂಭಿಸಿದ ‘ದಿ ಆಬ್ಸಲ್ಯೂಟ್ ಸೌಂಡ್’ ಅದಕ್ಕೊಂದು ಮಾನದಂಡ ಕೊಟ್ಟಿತು: ನಿಜವಾದ ಸಭಾಂಗಣದಲ್ಲಿ, ಮೈಕಿಲ್ಲದೆ ನುಡಿಸಿದ ವಾದ್ಯದ ಸದ್ದು. ಸಿಂಫನಿಗೆ ಈ ಮಾನದಂಡ ಸರಿ. ಮೈಕನ್ನು ಗಾಯಕರ ಬಾಯಿಯ ಹತ್ತಿರವೇ ಇಟ್ಟು, ತಬಲಾವನ್ನು ಒಂದು ಬದಿಗೆ ಸರಿಸಿ, ತಂಬೂರಿಯನ್ನು ಹಿಂದಕ್ಕೆ ತಳ್ಳಿ ಸ್ಟುಡಿಯೋದಲ್ಲಿ ಮುದ್ರಿಸಿದ ನಮ್ಮ ಹಲವು ಎಲ್ಪಿಗಳಿಗೆ ಹೋಲಿಸಲು ಯಾವ ಸಭಾಂಗಣವೂ ಇಲ್ಲ. ಆದರೂ ‘ವಿಶಾಲ ವೇದಿಕೆ’, ‘ಕಪ್ಪು ಹಿನ್ನೆಲೆ’, ‘ಮುಸುಕು ಸರಿಯಿತು’ ಎಂಬ ಮಾತುಗಳನ್ನು ನಾವು ಹಾಗೆಯೇ ಎರವಲು ತಂದಿದ್ದೇವೆ. ಮುಸುಕಿನ ಮಾತಂತೂ ವಿಚಿತ್ರ. ಐವತ್ತು ವರ್ಷಗಳಿಂದ ಪ್ರತಿ ಹೊಸ ಪೆಟ್ಟಿಗೆಯೂ ಒಂದು ಮುಸುಕು ಸರಿಸುತ್ತಿದೆ; ಹಾಗಾದರೆ ಮೊದಲು ಎಷ್ಟು ಮುಸುಕುಗಳಿದ್ದವು?

ಒಬ್ಬ ವ್ಯಾಪಾರಿ ನನಗೆ ಎರಡು ಪೆಟ್ಟಿಗೆಗಳನ್ನು ಹೋಲಿಸಿ ಕೇಳಿಸಿದರು. ‘ನೋಡಿ ಸರ್, ಎಷ್ಟು ಜೀವ ಬಂತು’ ಎಂದರು. ಬಂದಿತ್ತು. ಎರಡನೆಯ ಪೆಟ್ಟಿಗೆ ಮೊದಲನೆಯದಕ್ಕಿಂತ ಹೆಚ್ಚು ಪಟ್ಟು ಹಿಗ್ಗಿಸುವಂಥದು, ಅವರು ವಾಲ್ಯೂಮ್ ಮುಟ್ಟಿರಲಿಲ್ಲ. ಒಂದೇ ಡೆಸಿಬೆಲ್ ಜೋರಾದರೂ ನಮ್ಮ ಕಿವಿ ಅದನ್ನು ‘ಜೋರು’ ಎನ್ನುವುದಿಲ್ಲ, ‘ಚೆನ್ನ’ ಎನ್ನುತ್ತದೆ. ಆಮೇಲೆ ಮನೆಯಲ್ಲಿ ಮೂರು ಪೆಟ್ಟಿಗೆಗಳನ್ನು ಇಟ್ಟುಕೊಂಡು, ಪರೀಕ್ಷಾ ರೆಕಾರ್ಡಿನ 1,000 ಹರ್ಟ್ಸ್ ಸ್ವರವನ್ನು ಮಲ್ಟಿಮೀಟರಿನಲ್ಲಿ ಅಳೆದು ಮೂರನ್ನೂ ಸಮ ಮಾಡಿ, ಗೆಳೆಯನೊಬ್ಬ ಹೇಳದೆ ಬದಲಿಸುತ್ತಿರುವಾಗ ಕೇಳಿದೆ. ಅಗ್ಗದ ಪೆಟ್ಟಿಗೆಯನ್ನು ಪ್ರತಿ ಸಲವೂ ಗುರುತಿಸಿದೆ. ಅದರ ಗುಂಯ್ ತಂಬೂರಿಯಲ್ಲಿ ಸಿಕ್ಕಿಬೀಳುತ್ತಿತ್ತು. ನಡುವಿನದಕ್ಕೂ ಅದರ ನಾಲ್ಕು ಪಟ್ಟು ಬೆಲೆಯದಕ್ಕೂ ಮನ್ಸೂರರ ಎಲ್ಪಿಯಲ್ಲಿ ವ್ಯತ್ಯಾಸ ಹೇಳಲಾಗಲಿಲ್ಲ. ಬೇರೊಬ್ಬರ ಕಿವಿ ಹೇಳೀತು. ಹೇಳುವವರು ಕಣ್ಣು ಮುಚ್ಚಿ, ಸದ್ದು ಸಮ ಮಾಡಿ ಹೇಳಲಿ ಎಂಬುದಷ್ಟೇ ನನ್ನ ಬೇಡಿಕೆ.

ಸ್ವಿಟ್ಜರ್ಲೆಂಡಿನ ಸಿಎಚ್ ಪ್ರಿಸಿಷನ್ ಪಿ1 ಕಾರ್ಟ್ರಿಜ್‌ನ ವೋಲ್ಟೇಜ್ ಬದಲು ಕರೆಂಟನ್ನೇ ಹಿಗ್ಗಿಸುವ ವಿಧಾನವನ್ನು ಒಳಗೊಂಡಿದೆ. ಅದು ಒಳ್ಳೆಯ ಎಂಜಿನಿಯರಿಂಗ್, ಬೆಲೆ ಒಂದು ಕಾರಿನಷ್ಟು. ಅಂಥದನ್ನು ಕೊಂಡವರ ಸಂತೋಷವನ್ನು ಪ್ರಶ್ನಿಸಬೇಕಿಲ್ಲ. ಅಂದವಾಗಿ ಕಟ್ಟು ಹಾಕಿದ ಪುಸ್ತಕವನ್ನು ಕೈಯಲ್ಲಿ ಹಿಡಿಯುವ ಸುಖ ಸುಳ್ಳಲ್ಲ. ಆದರೆ ಕಟ್ಟಿನ ಅಂದವನ್ನು ಪಾಠದ ಶುದ್ಧಿ ಎಂದು ವಿಮರ್ಶಕ ಹೇಳಬಾರದು.

ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಗದಗಿನ ಬಾಲಕ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಠುಮ್ರಿಯೊಂದನ್ನು ಗ್ರಾಮಾಫೋನಿನಲ್ಲಿ ಕೇಳಿ, ಅಂಥ ಸಂಗೀತ ಕಲಿಯಬೇಕೆಂದು ಮನೆ ಬಿಟ್ಟು ಹೊರಟರು. ಕೊನೆಗೆ ಖಾನರ ಶಿಷ್ಯರೇ ಆದ ಕುಂದಗೋಳದ ಸವಾಯಿ ಗಂಧರ್ವರ ಬಳಿ ಬಂದು ಸೇರಿದರು. ಆ ಯಂತ್ರದಲ್ಲಿ ಫೋನೋ ಸ್ಟೇಜ್ ಎಲ್ಲಿತ್ತು? ಇರಲಿಲ್ಲ. ಉಕ್ಕಿನ ಸೂಜಿ, ತೆಳು ಹಾಳೆ, ಕಹಳೆ, ಇಷ್ಟೇ. ರೇಖೆಯೂ ತಪ್ಪು, ಸದ್ದೂ ಸವೆದದ್ದು. ಕರೆ ಮಾತ್ರ ತಲುಪಿತು. ಸಹೃದಯನಿಗೆ ಹರಿದ ಪ್ರತಿಯೂ ಸಾಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಜೋಶಿಯವರು ಅಲ್ಲಿಗೆ ನಿಲ್ಲಲಿಲ್ಲ, ಮೂಲವನ್ನು ಹುಡುಕಿಕೊಂಡು ನೂರಾರು ಮೈಲಿ ಹೋದರು. ನಮಗೆ ಆ ಮೂಲಕ್ಕೆ ಹೋಗುವ ರೈಲಿಲ್ಲ, ಗೀರೇ ಉಳಿದಿರುವುದು. ಆ ಗಾಯಕರ ಬಗ್ಗೆ ತೀರ್ಪು ಬರೆಯುವವರು ಗೀರನ್ನು ಸರಿಯಾಗಿ ಓದುವ ಹೊಣೆ ಹೊರಬೇಕು.

ನಾನು ಕೊಂಡದ್ದು ನಡುವಿನದನ್ನು: ಬೇರೆ ಪೆಟ್ಟಿಗೆಯ ಪವರ್ ಸಪ್ಲೈ, ಹೊರೆ ಬದಲಿಸುವ ಸ್ವಿಚ್ಚು, ಮೋನೋ ಸ್ವಿಚ್ಚು, ಫಿಲ್ಟರ್ ಇರುವಂಥದು. ಉಳಿದ ಹಣದಲ್ಲಿ 78ಕ್ಕೆಂದೇ ರೇಖೆಗಳನ್ನು ಬದಲಿಸಬಹುದಾದ ಇನ್ನೊಂದು ಚಿಕ್ಕ ಪೆಟ್ಟಿಗೆ, 78ರ ಅಗಲ ಗೀರಿಗೆ ಹೊಂದುವ ದಪ್ಪ ಮೊನೆಯ ಸೂಜಿ, ರೆಕಾರ್ಡು ತೊಳೆಯುವ ಸಲಕರಣೆ. ಮೂವತ್ತರ ದಶಕದ ತಟ್ಟೆಗಳನ್ನು ಒಂದೊಂದಾಗಿ ಹಾಕಿ, ಯಾವ ರೇಖೆಯಲ್ಲಿ ಓದಿದೆ, ಯಾಕೆ ಓದಿದೆ ಎಂದು ತಟ್ಟೆಯ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದೇನೆ. ಪೆನ್ಸಿಲಾದರೆ ಮುಂದೆ ಕೇಳುವವರು ತಿದ್ದಬಹುದು.